ಬಲಗಡೆಯ ಕಟೋರಿ

ಸೈಕಲ್ಲಿನ ಬಲಗಡೆಯ ಕಟೋರಿ ತಾನಾಗಿ ಸಡಿಲಾಗುವುದಿಲ್ಲ. ಈ ಮಾತನ್ನು ನಾನು ನಲವತ್ತು ವರ್ಷಗಳಿಂದ ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಎರಡು ಪೆಡಲುಗಳ ನಡುವೆ ಒಂದು ಎಕ್ಸೆಲ್ ತಿರುಗುತ್ತದಲ್ಲ, ಅದರ ಆಚೆ ಈಚೆ ಗುಂಡುಗಳನ್ನು ಹಿಡಿದುಕೊಂಡು ಕೂತ ಉಕ್ಕಿನ ಬಟ್ಟಲುಗಳಿಗೆ ನಾವು ಕಟೋರಿ ಎನ್ನುತ್ತೇವೆ. ಎಡಗಡೆಯದು ಲೋಕದ ಎಲ್ಲ ನಟ್ಟುಗಳಂತೆ. ಬಲಗಡೆಯದರ ಥ್ರೆಡ್ ಮಾತ್ರ ಉಲ್ಟಾ. ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿದರೆ ಅದು ಬಿಚ್ಚುತ್ತದೆ. ಪೆಡಲು ತುಳಿದಷ್ಟೂ ಅದು ಬಿಗಿಯಾಗುತ್ತಲೇ ಹೋಗಲಿ ಎಂದು ಯಾವನೋ ಪುಣ್ಯಾತ್ಮ ಯೋಚಿಸಿ ಹಾಗೆ ಮಾಡಿದ್ದಾನೆ. ಅಂದ ಮೇಲೆ ಅದು ಸಡಿಲಾಗಿ ಬಂತೆಂದರೆ ಯಾರೋ ಕೈಯಾರೆ ಸಡಿಲು ಮಾಡಿದ್ದಾರೆ ಎಂದೇ ಅರ್ಥ.

ಶಂಕರಲಿಂಗ ಮಾಸ್ತರರ ಸೈಕಲ್ಲಿನದು ಎರಡನೆಯ ಸಲ ಸಡಿಲಾಗಿ ನನ್ನ ರಿಪೇರಿ ಅಂಗಡಿಗೆ ಬಂದಾಗ ನಾನು ದೀಪ ಹಿಡಿದು ಮತ್ತೊಮ್ಮೆ ನೋಡಿದೆ.

ಮಾಸ್ತರರು ನನಗೆ ನಾಲ್ಕನೆಯ ಇಯತ್ತೆಯಲ್ಲಿ ಗಣಿತ ಕಲಿಸಿದವರು. ಈಗ ಎಪ್ಪತ್ತೆರಡು ದಾಟಿದೆ. ಪ್ರತಿ ಹುಣ್ಣಿಮೆಗೆ ತಮ್ಮ ಅಪ್ಪನ ಕಾಲದ ವಿಲಾಯತಿ ಸೈಕಲ್ಲು ಹತ್ತಿ ಬಸವಕಲ್ಯಾಣದಿಂದ ಹುಮನಾಬಾದ್ ಪಕ್ಕದ ಮಾಣಿಕನಗರಕ್ಕೆ ಪ್ರಭುಗಳ ದರ್ಶನಕ್ಕೆ ಹೋಗುತ್ತಾರೆ, ಮರುದಿನ ತಿರುಗಿ ಬರುತ್ತಾರೆ. ಸಾಯುವ ಅಪ್ಪನಿಗೆ ಕೊಟ್ಟ ಮಾತು; ಬಸ್ಸು, ಮೋಟರ್ ಗಾಡಿ ಯಾವುದೂ ಹತ್ತುವ ಹಾಗಿಲ್ಲ. ದಾರಿಯೆಲ್ಲ ಹೆದ್ದಾರಿ, ಲಾರಿಗಳು ಪುಣೆಯಿಂದ ಹೈದರಾಬಾದಿಗೆ ಒಂದೇ ಉಸಿರಿಗೆ ಓಡುತ್ತವೆ. ಮಾಸ್ತರರಿಗೆ ಬಲಗಿವಿ ಕೇಳುವುದು ನಿಂತು ಎರಡು ವರ್ಷವಾಗಿತ್ತು, ಎಡಗಿವಿಯೂ ಮಂದ; ಹಿಂದಿನಿಂದ ಬರುವ ಗಾಡಿಯ ಸದ್ದು ತಿಳಿಯುತ್ತಿರಲಿಲ್ಲ. ಅದಕ್ಕೇ ನಾನು ಹ್ಯಾಂಡಲ್ಲಿನ ಬಲಕ್ಕೆ ಒಂದು ದುಂಡು ಕನ್ನಡಿ ಹಚ್ಚಿಕೊಟ್ಟಿದ್ದೆ.

ಕಟೋರಿ ಸಡಿಲಾದ ಸೈಕಲ್ಲು ಅಂಗಳದಲ್ಲಿ ಸುಮ್ಮನೆ ಲಟಕ್ ಲಟಕ್ ಎನ್ನುತ್ತದೆ, ಅಷ್ಟೇ. ಏರು ಬಂದು ಜೋರಾಗಿ ತುಳಿದಾಗ ನಿಜವಾದ ಬಣ್ಣ ತೋರಿಸುತ್ತದೆ. ಚೈನು ಕಳಚುತ್ತದೆ, ತುಳಿಯುತ್ತಿದ್ದ ಕಾಲು ಗಾಳಿಗೆ ಹೋಗುತ್ತದೆ, ಮನುಷ್ಯ ರಸ್ತೆಗೆ ಬೀಳುತ್ತಾನೆ. ಹಿಂದೆ ಲಾರಿ ಇದ್ದರೆ ಮುಂದಿನದು ಹೇಳಬೇಕಾಗಿಲ್ಲ.

ನನ್ನ ಸಂಶಯ ನೇರವಾಗಿ ಅವರ ಮಗ ಸತೀಶಕುಮಾರನ ಮೇಲೆ ಹೋಯಿತು. ಹಿಂದಿನ ತಿಂಗಳಷ್ಟೇ ಅಂಗಡಿಗೆ ಬಂದು, "ಕಾಕಾ, ಈ ಸೈಕಲ್ ಇನ್ನ ಎಷ್ಟ ದಿನ ಬಾಳಿಕಿ ಬರ್ತದರಿ?" ಎಂದು ಕೇಳಿದ್ದ. ಮನೆ ಮಾಸ್ತರರ ಹೆಸರಿನಲ್ಲಿತ್ತು. ನನ್ನ ತಲೆ ಹಾಳು ತಲೆ, ಒಮ್ಮೆ ಒಂದು ಕಡೆ ಹೊರಳಿದರೆ ಅಲ್ಲೇ ಗೂಟ ಹೊಡೆದುಕೊಂಡು ನಿಲ್ಲುತ್ತದೆ. ಅವನು ರಸ್ತೆಯಲ್ಲಿ ನಮಸ್ಕಾರ ಮಾಡಿದರೆ ಮುಖ ತಿರುಗಿಸಿದೆ.

ಮಾಸ್ತರರಿಗೆ ಏನೂ ಹೇಳಲಿಲ್ಲ. ಕಟೋರಿಯನ್ನು ಗಟ್ಟಿಯಾಗಿ ಕೂರಿಸಿ, ಅದಕ್ಕೂ ಫ್ರೇಮಿಗೂ ಸೇರಿಸಿ ಕೆಂಪು ಬಣ್ಣದ ಸಣ್ಣ ಗೆರೆ ಎಳೆದೆ. ಮುಂದಿನ ಹುಣ್ಣಿಮೆಗೆ ವಾರವಿರುವಾಗ ಎಣ್ಣೆ ಹಾಕುವ ನೆಪದಿಂದ ಸೈಕಲ್ಲು ತರಿಸಿಕೊಂಡೆ. ಗೆರೆ ಎರಡು ತುಂಡಾಗಿತ್ತು. ಕಟೋರಿಯ ಮೇಲಿನದು ಗಡಿಯಾರದ ದಿಕ್ಕಿಗೆ ಎರಡು ಬೆರಳು ಸರಿದಿತ್ತು.

ಮಿಸ್ತ್ರಿಯ ಸಾಮಾನು ಇಲ್ಲದವರು ಚೈನ್ ಚಕ್ರದ ಸಂದಿನಲ್ಲಿ ಉಳಿ ತೂರಿಸಿ ಕಟೋರಿಯ ಅಂಚಿಗೆ ಹೊಡೆದೇ ಸಡಿಲಿಸಬೇಕು. ಉಳಿಯ ಪೆಟ್ಟು ಬಿದ್ದಲ್ಲಿ ಹೊಳೆಯುವ ಗೀರು ಇರಬೇಕು. ಒಂದೂ ಇರಲಿಲ್ಲ. ಅಂಚಿನ ಗ್ರೀಸಿನಲ್ಲಿ ಒಂದು ನೂಲಿನ ಎಳೆ ಸಿಕ್ಕಿಕೊಂಡಿತ್ತು, ಅರಿಶಿನ ಮತ್ತು ಮಸಿ ಹತ್ತಿದ ಎಳೆ. ಒಲೆಯ ಮೇಲಿನ ಪಾತ್ರೆ ಇಳಿಸುವ ಅರಿವೆಯದು. ನಾನು ಅದನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡೆ. ಕೊಲ್ಲಲು ಹೊರಟವನು ಸೈಕಲ್ಲಿಗೆ ಗೀರು ಬೀಳಬಾರದೆಂದು ಉಳಿಗೆ ಬಟ್ಟೆ ಸುತ್ತುತ್ತಾನೆಯೇ?

ಮಾಸ್ತರರು ಪೇಟೆಗೆ ಹೋದ ಹೊತ್ತು ನೋಡಿ ಅವರ ಮನೆಗೆ ಹೋದೆ. ಅವರ ಹೆಂಡತಿ ತುಳಜಾಬಾಯಿ ಖಲಬತ್ತದಲ್ಲಿ ಶುಂಠಿ ಕುಟ್ಟುತ್ತಿದ್ದರು. ಎಳೆಯನ್ನು ಅವರ ಮುಂದೆ ಇಟ್ಟೆ. ಕುಟ್ಟುವ ಕೈ ನಿಂತಿತು.

"ವೈನಿ, ಉಲ್ಟಾ ತಿರುಗಿಸಬೇಕಂತ ನಿಮಗ ಯಾರು ಹೇಳಿದ್ರಿ?"

"ನೀನ ಹೇಳೀದಿ, ಬಸವಣಪ್ಪ. ನಮ್ಮ ಕಟ್ಟಿ ಮ್ಯಾಲ ಕುಂತು ಚಹಾ ಕುಡಕೋತ ಎಷ್ಟ ಸಲ ಹೇಳೀದಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡೆ.

"ಹೋಗಬ್ಯಾಡ್ರಿ ಅಂದ್ರ ಕೇಳಂಗಿಲ್ಲ," ಎಂದರು ಅವರು. "ಸತೀಶ ಹೇಳಿದ, ಮೊಮ್ಮಕ್ಕಳ ಹೇಳಿದ್ರು. ಸೈಕಲ್ ಕೆಟ್ಟು ಅಂಗಳದಾಗ ನಿಂತರ ಮನ್ಯಾಗ ಇದ್ದಾರು ಅಂತ ಮಾಡಿದೆ. ಅದು ಮನ್ಯಾಗ ಕೆಡವಲ್ದು, ಹಾದ್ಯಾಗ ಕೆಡಾಕತ್ತದ. ಹೋದ ಹುಣ್ಣಿವಿಗೆ ಮೊಣಕಾಲ ಕೆತ್ತಿಸಿಕೊಂಡು ಬಂದ್ರು. ಲಾರಿ ಬಾಜೂಕ ಹಾದು ಹೋತಂತ. ನಗಕೋತ ಹೇಳ್ತಾರ, ಬಸವಣಪ್ಪ! ನಾ ಆ ರಾತ್ರಿ ಕಣ್ಣ ಮುಚ್ಚಿಲ್ಲ. ಅದಕ್ಕ ಈ ಸಲ ಅಂಗಳದಾಗ ನಿಲ್ಲಲಿ ಅಂತ ಇನ್ನಷ್ಟ ತಿರುವಿದೆ."

ಆಮೇಲೆ ನನ್ನ ಕೈ ಹಿಡಿದುಕೊಂಡರು.

"ನನಗ ಅರ್ಧಮರ್ಧ ಗೊತ್ತು. ನೀ ಬಲ್ಲಾಂವ. ಮತ್ತ ರಿಪೇರಿನೇ ಆಗದಂಗ ಮಾಡಿಬಿಡು."

ಆಗುವುದಿಲ್ಲ ಎನ್ನಬೇಕಿತ್ತು. ನಾನು ಹೂಂ ಎಂದೆ. ಅವರ ಭಯ ನನಗೂ ಹತ್ತಿತ್ತು, ಸತೀಶನ ಮೇಲೆ ಸಂಶಯಪಟ್ಟ ನಾಚಿಕೆಯೂ ಇತ್ತು.

ಆ ವಿಲಾಯತಿ ಸೈಕಲ್ಲಿನ ಥ್ರೆಡ್ ಬಹಳ ನಯ, ಇಂಚಿಗೆ ಇಪ್ಪತ್ತಾರು ಸುತ್ತು. ನಮ್ಮ ಅಂಗಡಿಗಳಲ್ಲಿ ಸಿಗುವ ಕಟೋರಿಗೆ ಇಪ್ಪತ್ತನಾಲ್ಕು. ಕಣ್ಣಿಗೆ ಎರಡೂ ಒಂದೇ. ಮೊದಲ ಒಂದು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ಅಲ್ಲಿ ಜೋರು ಮಾಡಿದರೆ ಫ್ರೇಮಿನೊಳಗಿನ ಥ್ರೆಡ್ಡು ಪುಡಿಯಾಗುತ್ತದೆ. ಈ ತಪ್ಪು ಮಾಡಿದ ಎಷ್ಟೋ ಮಿಸ್ತ್ರಿಗಳಿಗೆ ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಅಂದು ಉದ್ದನೆಯ ಪಾನಾ ಹಾಕಿ ಮೈಯೆಲ್ಲ ಭಾರ ಬಿಟ್ಟು ನಾನೇ ತಿರುಗಿಸಿದೆ. ಒಳಗೆ ಕಬ್ಬಿಣ ಕಿರ್ರೆಂದು ಹರಿಯಿತು.

ಸಂಜೆ ಮಾಸ್ತರರು ಬಂದರು.

"ಥ್ರೆಡ್ ಹೋಗ್ಯಾವರಿ ಸರ್. ಹಳೇ ಸೈಕಲ್, ಸವೆದದ. ಇನ್ನ ಏನೂ ಮಾಡಾಕ ಬರಂಗಿಲ್ಲ," ಎಂದೆ.

ಅವರು ಬಗ್ಗಿ ಫ್ರೇಮಿನ ತೂತಿನೊಳಗೆ ಬೆರಳು ಆಡಿಸಿದರು. ಬೆರಳಿಗೆ ಹೊಸ ಕಬ್ಬಿಣದ ಪುಡಿ ಹತ್ತಿತು. ಬೆಂಚಿನ ಮೇಲೆ ಹೊಸ ಕಟೋರಿ ಬಿದ್ದಿತ್ತು, ಬಚ್ಚಿಡಲು ಮರೆತಿದ್ದೆ.

"ಇಪ್ಪತ್ತಾರರಾಗ ಇಪ್ಪತ್ತನಾಲ್ಕು ಕೂಡಂಗಿಲ್ಲಂತ ನನಗ ಹೇಳಿದಾಂವ ನೀನ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರ ಸಲುವಾಗಿ ಮಾಡೀದಿ ಅದೂ ಗೊತ್ತದ. ನಿನ್ನ ಏನೂ ಕೇಳಂಗಿಲ್ಲ ಬಿಡು."

ಸೈಕಲ್ಲನ್ನು ಅಲ್ಲೇ ಬಿಟ್ಟು ಮನೆಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಹುಣ್ಣಿಮೆಯ ಬೆಳಿಗ್ಗೆ ಆರಕ್ಕೆ ಸತೀಶ ಮೋಟರ್ ಸೈಕಲ್ಲಿನಲ್ಲಿ ನನ್ನ ಮನೆ ಬಾಗಿಲಿಗೆ ಬಂದ.

"ಕಾಕಾ, ಅಪ್ಪ ನಡಕೋತ ಹೋಗ್ಯಾರ. ನಾಕಕ್ಕ ಎದ್ದು ಹೋಗ್ಯಾರಂತ. ನನ್ನ ಮಾತ ಕೇಳಂಗಿಲ್ಲ, ನೀವರೆ ಬರ್ರಿ."

ಹಿಂದೆ ಹತ್ತಿ ಕೂತೆ. ಊರ ಹೊರಗಿನ ಚಹಾದವನು ಕೈಚೀಲ ಹಿಡಿದ ಮಾಸ್ತರರು ಮುಂದೆ ಹೋದರೆಂದ. ಹೆದ್ದಾರಿಯ ತಿರುವಿನಲ್ಲಿ ಹೂ ಮಾರುವವಳೂ ಅದನ್ನೇ ಹೇಳಿದಳು. ಹೆದ್ದಾರಿ ಹತ್ತಿ ಎರಡು ಕಿಲೋಮೀಟರು ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಲಾರಿ ನಿಂತಿದ್ದು ಕಂಡಿತು. ಸತೀಶ ವೇಗ ಕಡಿಮೆ ಮಾಡಿದ.

ಸೈಕಲ್ಲಿನ ರೂಢಿಯಂತೆ ಮಾಸ್ತರರು ಎಡಬದಿಯಲ್ಲೇ, ಲಾರಿಗಳಿಗೆ ಬೆನ್ನು ಮಾಡಿ ನಡೆದಿದ್ದರು. ಪ್ರಭುಗಳಿಗೆಂದು ಒಯ್ದಿದ್ದ ತೆಂಗಿನಕಾಯಿ ಚೀಲದಿಂದ ಉರುಳಿ ಒಡೆಯದೆ ಬಿದ್ದಿತ್ತು. ಡ್ರೈವರ್ ನೆಲದ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ.

"ಎಷ್ಟ ಹಾರ್ನ್ ಹೊಡದೇರಿ, ಹೊಳ್ಳಿ ನೋಡ್ಲಿಲ್ರಿ," ಎಂದು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ.

ಮಾಸ್ತರರ ತಿಥಿಯ ದಿನಗಳೆಲ್ಲ ಮುಗಿದ ಮೇಲೆ ತುಳಜಾಬಾಯಿ ಅಂಗಡಿಗೆ ಬಂದರು. ಸೈಕಲ್ಲು ಗೋಡೆಗೆ ಒರಗಿತ್ತು. ಸೆರಗಿನಿಂದ ಅದರ ಸೀಟು ಒರೆಸಿದರು, ಹ್ಯಾಂಡಲ್ಲು ಒರೆಸಿದರು, ಕೊನೆಗೆ ಕನ್ನಡಿ ಒರೆಸಿದರು. ಅದರೊಳಗೆ ಹಿಂದಿನ ರಸ್ತೆಯಲ್ಲಿ ಒಂದು ಆಟೋ ಬಂದು ದೊಡ್ಡದಾಗಿ ಹಾದುಹೋಯಿತು. ಅವರ ಕೈ ಅಲ್ಲೇ ನಿಂತಿತು.

"ಬಸವಣಪ್ಪ, ಇದು ಹಿಂದ ಬರೋ ಗಾಡಿ ನೋಡಾಕ ಇತ್ತೇನು?"

"ಹೌದ್ರಿ ವೈನಿ."

"ನಾ ಶೋಕಿಗಂತ ತಿಳದಿದ್ದೆ," ಎಂದರು.

ಕಟೋರಿಯ ಕಥೆಯನ್ನು ಅವರ ಕಟ್ಟೆಯ ಮೇಲೆ ಕೂತು ನೂರು ಸಲ ಹೇಳಿದ್ದೆ. ಕನ್ನಡಿಯ ಮಾತನ್ನು ಒಂದು ಸಲವೂ ಹೇಳಿರಲಿಲ್ಲ.