ನಾಲ್ಕನೆಯ ಬಗೆಯ ಭಯ

ನಾನು ಅಡುಗೆಯವಳು. ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ಶಿಶುವಿಹಾರದ ಎಂಬತ್ತಾರು ಮಕ್ಕಳಿಗೆ ಅನ್ನ ಬೇಯಿಸಿ ಹಾಕುವುದು ನನ್ನ ಕೆಲಸವೇ ಹೊರತು ದೊಡ್ಡವರನ್ನು ಪದವಿ ಪರೀಕ್ಷೆಗೆ ಓದಿಸುವುದಲ್ಲ. ಆದರೂ ಪೆಂಗ್ ಯಾಶೂಳನ್ನು ಓದಿಸಿದೆ. ಓದಿಸಲು ಹೋಗಿ ಹುಡುಗಿಯ ತಲೆಯನ್ನೇ ಕೆಡಿಸಿಬಿಡುತ್ತಿದ್ದೆ. ಯಾರಿಗೂ ಹೇಳಿಕೊಂಡಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಯಾಶೂ ಚೀನಾದ ಜಿಗೊಂಗ್ ಊರಿನ ನಮ್ಮ ಶಿಶುವಿಹಾರದಲ್ಲಿ ಅತಿ ಚಿಕ್ಕ ಮಕ್ಕಳ ಟೀಚರ್. ವಯಸ್ಸು ಇಪ್ಪತ್ತೊಂಬತ್ತು. ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿಕೊಂಡು, ಏಪ್ರಿಲ್‌ಗೊಮ್ಮೆ ಅಕ್ಟೋಬರ್‌ಗೊಮ್ಮೆ ಪರೀಕ್ಷೆ ಬರೆದು, ಒಂದೊಂದೇ ವಿಷಯದ ಕ್ರೆಡಿಟ್ ಕೂಡಿಸಿ ಪದವಿ ಪಡೆಯುತ್ತಾರಲ್ಲ, ಆ ದಾರಿಯಲ್ಲಿ ಆರು ವರ್ಷದಿಂದ ತೆವಳುತ್ತಿದ್ದಳು. ಹದಿನಾಲ್ಕು ವಿಷಯ ಪಾಸಾಗಿತ್ತು. ಉಳಿದದ್ದು ಒಂದೇ, ಮಕ್ಕಳ ಮನೋವಿಜ್ಞಾನ. ನೂರಕ್ಕೆ ಅರವತ್ತು ಬೇಕು. ಮೊದಲ ಸಲ ಐವತ್ತನಾಲ್ಕು, ಎರಡನೆಯ ಸಲ ಐವತ್ತೆಂಟು. ಮೂರನೆಯ ಸಲ, ಅಂದರೆ ಈ ಏಪ್ರಿಲ್‌ನಲ್ಲಿ, ಗೊತ್ತಿಲ್ಲದ ಒಂದು ಪ್ರಶ್ನೆ ಕಣ್ಣಿಗೆ ಬಿದ್ದದ್ದೇ ಕೈಕಾಲು ತಣ್ಣಗಾಗಿ, ನಲವತ್ತು ನಿಮಿಷಕ್ಕೆ ಎದ್ದು ಹೊರಗೆ ಬಂದು ವಾಂತಿ ಮಾಡಿಕೊಂಡಳು. ಉಳಿದ ಪ್ರಶ್ನೆಗಳನ್ನು ಓದಿಯೂ ನೋಡಲಿಲ್ಲವಂತೆ.

ಅಕ್ಟೋಬರ್ ಕೊನೆಯ ಅವಕಾಶ. ಅವಳ ಕೋರ್ಸನ್ನೇ ನಿಲ್ಲಿಸುತ್ತಿದ್ದರು. ಈ ಸಲ ತಪ್ಪಿದರೆ ಆ ಪದವಿ ಇಲ್ಲವೇ ಇಲ್ಲ. ಇತ್ತ ನಮ್ಮ ಶಿಶುವಿಹಾರವನ್ನು ಹೊಸ ವರ್ಷಕ್ಕೆ ಬೇರೊಂದು ದೊಡ್ಡ ಶಿಶುವಿಹಾರಕ್ಕೆ ಸೇರಿಸುವವರಿದ್ದರು. ಪದವಿ ಇದ್ದ ಟೀಚರುಗಳಿಗಷ್ಟೇ ಅಲ್ಲಿ ಜಾಗ.

ಮಕ್ಕಳು ಮಧ್ಯಾಹ್ನ ಮಲಗುವ ಎರಡು ಗಂಟೆ ಅವಳು ನನ್ನ ಅಡುಗೆಮನೆಗೆ ಬಂದು ಓದುತ್ತಿದ್ದಳು. ಮೇ ತಿಂಗಳ ಒಂದು ದಿನ ನೋಡುತ್ತೇನೆ, ಹಳದಿ, ಹಸಿರು, ಗುಲಾಬಿ ಪೆನ್ನು ಹಿಡಿದು ಪುಸ್ತಕದ ತುಂಬ ಗೀಟು ಎಳೆಯುತ್ತಿದ್ದಾಳೆ.

"ಎಷ್ಟನೇ ಸಲ ಓದ್ತಿರೋದು ಇದನ್ನ?"

"ಏಳನೇ ಸಲ, ಚಿಕ್ಕಮ್ಮ." ನಂಟೇನೂ ಇಲ್ಲ, ಆದರೂ ಅವಳು ನನ್ನನ್ನು ಕರೆಯುವುದು ಹಾಗೆ.

ಪುಸ್ತಕ ಕಿತ್ತುಕೊಂಡು ಮುಚ್ಚಿದೆ. "ಈಗ ಹೇಳು. ಆ ಪುಟದಲ್ಲಿ ಏನಿತ್ತು?"

ಅಧ್ಯಾಯದ ಹೆಸರಷ್ಟೇ ಹೇಳಿ ಪುಸ್ತಕಕ್ಕೆ ಕೈ ಚಾಚಿದಳು.

"ನೀನು ಓದಿಲ್ಲ ಕಣೇ, ಬಣ್ಣ ಬಳಿದಿದ್ದೀಯ. ಪುಸ್ತಕ ತೆರೆದಿದ್ದಾಗ ಎಲ್ಲಾ ಗೊತ್ತು ಅನ್ಸತ್ತೆ. ಅಲ್ಲೇ ಮೋಸ ಹೋಗೋದು."

ನನಗೆ ಇದು ಗೊತ್ತಿದ್ದದ್ದು ಪುಸ್ತಕದಿಂದಲ್ಲ. ಯಾವ ಮಗುವಿಗೆ ಕಡಲೆಕಾಯಿ ಆಗದು, ಯಾವುದಕ್ಕೆ ಮೊಟ್ಟೆ ಆಗದು ಎಂಬ ಪಟ್ಟಿ ಗೋಡೆಯ ಮೇಲಿದೆ. ಹೊಸ ವರ್ಷದ ಮಕ್ಕಳು ಬಂದಾಗ ನಾನು ಆ ಪಟ್ಟಿಯನ್ನು ಓದುವುದಿಲ್ಲ. ಬಟ್ಟೆಯಿಂದ ಮುಚ್ಚಿ, ಬಾಯಲ್ಲಿ ಹೇಳಿ, ಆಮೇಲೆ ತೆಗೆದು ನೋಡುತ್ತೇನೆ. ತಪ್ಪಿದ್ದನ್ನು ನಾಳೆ ಮತ್ತೆ ಹೇಳುತ್ತೇನೆ. ಒಂದು ಹೆಸರು ತಪ್ಪಿದರೆ ಮಗುವಿನ ಜೀವ ಹೋಗುತ್ತದೆ. ಆ ಹೆದರಿಕೆ ನನಗೆ ಇಪ್ಪತ್ತು ವರ್ಷದಿಂದ ಇದೆ.

ಅವಳಿಗೂ ಅದನ್ನೇ ಮಾಡಿದೆ. ಪುಸ್ತಕ ನನ್ನ ಹತ್ತಿರ, ಅವಳು ಮುಟ್ಟುವ ಹಾಗಿಲ್ಲ. ನಾನು ಒಂದೆರಡು ಪುಟ ಓದಿ ಹೇಳಬೇಕು, ಅವಳು ನನ್ನಂಥ ದಡ್ಡಿಗೆ ಅರ್ಥವಾಗುವ ಹಾಗೆ ತಿರುಗಿ ಹೇಳಬೇಕು. ನನಗೆ ಅರ್ಥವಾಗಲಿಲ್ಲವೆಂದರೆ ಅವಳಿಗೂ ಆಗಿಲ್ಲ ಎಂದೇ ಲೆಕ್ಕ. ತಪ್ಪಿದ ಪ್ರಶ್ನೆ ಚೀಟಿಯಾಗಿ ಖಾಲಿ ಮೆಣಸಿನ ಭರಣಿಗೆ ಬೀಳುತ್ತದೆ. ನಾಳೆ ಒಮ್ಮೆ ತೆಗೆದು ಕೇಳುತ್ತೇನೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ಶನಿವಾರ ಹಳೆಯ ಪ್ರಶ್ನೆಪತ್ರಿಕೆ. ಗಡಿಯಾರ ಇಟ್ಟು ಎರಡೂವರೆ ಗಂಟೆ ಕೂಡಿಸುತ್ತಿದ್ದೆ, ಒಂದು ಪ್ರಶ್ನೆಯನ್ನೂ ಖಾಲಿ ಬಿಡುವ ಹಾಗಿಲ್ಲ.

"ನೀವು ಮಕ್ಕಳಿಗೆ ಅನ್ನ ಹಾಕೋದು ಹೀಗೇನಾ? ನುಂಗೋವರೆಗೂ ಬಿಡಲ್ಲ" ಎಂದು ಅಣಕಿಸುತ್ತಿದ್ದಳು. ಆಗಸ್ಟ್ ಹೊತ್ತಿಗೆ ಎಪ್ಪತ್ತು ಬರತೊಡಗಿತು. ಹುಡುಗಿ ಎರಡೆರಡು ಬಟ್ಟಲು ಅನ್ನ ತಿನ್ನುತ್ತಿದ್ದಳು.

ತಪ್ಪು ಮಾಡಿದವಳು ನಾನು. ಮೊದಲೇ ಅವಳು ಹೇಳಿದ್ದಳು: "ಚಿಕ್ಕಮ್ಮ, ಅಕ್ಟೋಬರ್ ಪರೀಕ್ಷೆಗೆ ಪುಸ್ತಕ ಬದಲಾಗಿದೆ, ಹೊಸ ಮುದ್ರಣವೇ ತಗೋಬೇಕು." ನೀನು ಓದು, ನಾನು ತರುತ್ತೇನೆ ಎಂದು ಜಂಬ ಕೊಚ್ಚಿ, ಸೇತುವೆ ಕೆಳಗಿನ ಹಳೆ ಪುಸ್ತಕದವನ ಹತ್ತಿರ ಹೋದೆ. ಹೊಸದು ಎಂದ. ಗೀಟಿಲ್ಲದೆ ಸ್ವಚ್ಛವಾಗಿತ್ತು, ಮೇಲಿನ ಹೆಸರು ಅದೇ. ಒಳಗೆ ಯಾವ ವರ್ಷದ ಮುದ್ರಣ ಎಂದು ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅನ್ನದ ಅಂಟು ಹತ್ತದಿರಲಿ ಎಂದು ಪೇಪರು ಸುತ್ತಿ ಇಟ್ಟುಕೊಂಡೆ. "ಹೆಚ್ಚೇನೂ ಬದಲಾಗಿಲ್ಲ ಅಲ್ವಾ?" ಎಂದು ಅವಳು ಜುಲೈಯಲ್ಲಿ ಕೇಳಿದಾಗ, "ನಿನ್ನ ಪುಣ್ಯ" ಎಂದಿದ್ದೆ.

ಪರೀಕ್ಷೆಗೆ ಎಂಟು ದಿನವಿತ್ತು. ಪ್ರಶ್ನೆಪತ್ರಿಕೆಯೊಂದರ ಪ್ರತಿ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅದೇ ಪರೀಕ್ಷೆಗೆ ಕೂರುವ ಹೆಂಗಸೊಬ್ಬಳು ಪಕ್ಕದಲ್ಲಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಪುಸ್ತಕ ತಿರುವಿ ನೋಡಿ, "ಇದು ಯಾರದ್ದು, ಅಕ್ಕ? ಇದು ಹಳೇದು. ಈ ಸಲ ಇದರಿಂದ ಕೇಳಲ್ಲ" ಎಂದಳು.

ಅವಳ ಪುಸ್ತಕ ಇಸಿದುಕೊಂಡು ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಇಡೀ ಅಧ್ಯಾಯ ಹೊಸದು, ಇನ್ನೆರಡು ಅರ್ಧಕ್ಕರ್ಧ ಬೇರೆ. ಆ ಹೆಂಗಸು ಒಳ್ಳೆಯವಳು, ಮೂವತ್ತೆಂಟು ಪುಟ ಪ್ರತಿ ತೆಗೆದುಕೊಳ್ಳಲು ಬಿಟ್ಟಳು.

ಯಾಶೂಗೆ ಹೇಳಬೇಕಿತ್ತು. ದಾರಿಯುದ್ದಕ್ಕೂ ಹೇಳುವ ಮಾತನ್ನೇ ಜೋಡಿಸಿಕೊಂಡು ಬಂದೆ. ಅಡುಗೆಮನೆ ಬಾಗಿಲಲ್ಲಿ ಅವಳ ಮುಖ ನೋಡಿ, ಹೇಳದೆ ಒಳಗೆ ಹೋದೆ. ಗೊತ್ತಿಲ್ಲದ ಒಂದು ಪ್ರಶ್ನೆಗೆ ಎದ್ದು ಓಡಿದವಳಿಗೆ ಒಂದು ಅಧ್ಯಾಯವೇ ಗೊತ್ತಿಲ್ಲ ಎಂದರೆ ಏನಾದೀತು? ಹೆದರಿದೆ. ಆ ಪುಟಗಳನ್ನು ಪೇಪರು ಸುತ್ತಿದ ಪುಸ್ತಕದೊಳಗೆ ಸೇರಿಸಿ, ಏನೂ ಆಗಿಲ್ಲವೆಂಬಂತೆ ಬಟಾಣಿ ಬಿಡಿಸುತ್ತಾ ಕೂತೆ.

"ಮಕ್ಕಳಿಗೆ ಭಯ ಎಷ್ಟು ಬಗೆ?" ಎಂದು ಕೇಳಿದೆ.

ಅವಳು ಯೋಚಿಸಿದಳು. "ಇದು ಪುಸ್ತಕದಲ್ಲಿಲ್ಲ."

"ಇದೆ. ಜುಲೈನಲ್ಲೇ ಮಾಡಿದ್ವಲ್ಲ."

"ಮಾಡಿಲ್ಲ, ಚಿಕ್ಕಮ್ಮ."

"ಮರೆತಿದ್ದೀಯ. ಎರಡು ಸಲ ಓದ್ತೀನಿ, ಕೇಳಿಸ್ಕೋ. ನಾಲ್ಕು ಬಗೆ. ಹುಟ್ಟಿನಿಂದ ಬರೋದು ಒಂದು, ಕಂಡು ಅನುಭವಿಸಿದ್ದರಿಂದ ಬರೋದು ಒಂದು, ಹೊಸ ಮುಖ ಕಂಡ್ರೆ ಆಗೋದು ಒಂದು, ಇನ್ನೂ ಆಗದೇ ಇರೋದನ್ನ ಊಹಿಸಿಕೊಂಡು ಪಡೋದು ಒಂದು."

ತಿರುಗಿ ಹೇಳಿದಳು, ಸರಿಯಾಗಿಯೇ ಹೇಳಿದಳು. ಆದರೆ ಕಣ್ಣು ನನ್ನ ಮೇಲಿರಲಿಲ್ಲ.

ದಿನಕ್ಕೆ ಐದಾರು ಪುಟ ಹೀಗೆ ಅವಳ ಬಾಯಿಗೆ ತುರುಕಿದೆ. ಪ್ರತಿಯೊಂದಕ್ಕೂ ಅದೇ ಸುಳ್ಳು, ಮರೆತಿದ್ದೀಯ. ಮೂರನೆಯ ದಿನ ಅವಳು ಅನ್ನ ಬಿಟ್ಟಳು. ಐದನೆಯ ದಿನ ತರಗತಿಯಿಂದ ನಡುವೆಯೇ ಬಂದು ನನ್ನ ತೋಳು ಹಿಡಿದು ಪಿಸುಗುಟ್ಟಿದಳು.

"ಚಿಕ್ಕಮ್ಮ, ಉತ್ತರ ಮರೆಯೋದು ಬೇರೆ. ನಂಗೆ ಓದಿದ್ದೇ ನೆನಪಿಲ್ಲ. ಆ ಪುಟ ಕೇಳಿದ ನೆನಪೇ ಇಲ್ಲ. ನಮ್ಮಜ್ಜಿಗೂ ಹೀಗೇ ಶುರುವಾಗಿದ್ದು. ಆಮೇಲೆ ನಮ್ಮಪ್ಪ ಯಾರು ಅಂತಾನೂ ಗೊತ್ತಾಗ್ತಿರಲಿಲ್ಲ."

"ಹುಚ್ಚುಚ್ಚಾಗಿ ಮಾತಾಡಬೇಡ. ನಿದ್ದೆ ಕಡಿಮೆಯಾಗಿದೆ, ಅಷ್ಟೆ." ಹೀಗೆ ಹೇಳಿ ಒಲೆಯ ಕಡೆ ತಿರುಗಿಬಿಟ್ಟೆ. ಹೇಳು, ಹೇಳಿಬಿಡು ಎಂದು ಒಳಗೇ ಬಡಿದುಕೊಳ್ಳುತ್ತಿದ್ದೆ. ಇನ್ನು ಮೂರೇ ದಿನ, ಈಗ ಹೇಳಿದರೆ ಪೂರ್ತಿ ಕುಸಿಯುತ್ತಾಳೆ ಎಂದು ಇನ್ನೊಂದು ಕಡೆ. ಈಗ ಯೋಚಿಸಿದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಪರೀಕ್ಷೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ. ಏಳೂವರೆಗೆ ಬಸ್ ನಿಲ್ದಾಣದಲ್ಲಿ ಸಿಗಬೇಕೆಂದು ಮಾತಾಗಿತ್ತು. ಎಂಟಾದರೂ ಬರಲಿಲ್ಲ. ಫೋನ್ ಎತ್ತಲಿಲ್ಲ. ಅವಳ ಕೋಣೆಗೇ ಓಡಿದೆ. ಐದನೆಯ ಮಹಡಿ. ಮೆಟ್ಟಿಲು ಹತ್ತುತ್ತಾ ಇನ್ನೊಂದು ಸುಳ್ಳು ಸಿದ್ಧ ಮಾಡಿಕೊಂಡೆ: ಆ ಅಧ್ಯಾಯ ಈ ಸಲ ಬರುವುದಿಲ್ಲವಂತೆ, ತಲೆ ಕೆಡಿಸಿಕೊಳ್ಳಬೇಡ, ನಡೆ.

ಬಾಗಿಲು ತೆರೆದೇ ಇತ್ತು. ಯಾಶೂ ಬರಿಗಾಲಲ್ಲಿ ಮೇಜಿನ ಮುಂದೆ ಕೂತಿದ್ದಳು. ಮುಂದೆ ಒಂದು ಹಾಳೆ. ಅದರ ಮೇಲೆ ಅವಳದೇ ಹೆಸರು, ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು, ಆಮೇಲೆ ಅವಳ ತರಗತಿಯ ಇಪ್ಪತ್ನಾಲ್ಕು ಮಕ್ಕಳ ಹೆಸರು. ಒಂದೊಂದರ ಮುಂದೂ ಸರಿ ಎಂದು ಗುರುತು. ಹಾಳೆ ಮುಚ್ಚಿ, ಬಾಯಲ್ಲಿ ಹೇಳಿ, ತೆಗೆದು ನೋಡಿದ್ದಾಳೆ, ನಾನು ಕಲಿಸಿದ ಹಾಗೆಯೇ.

"ಇನ್ನೂ ಎಲ್ಲಾ ನೆನಪಿದೆ ಚಿಕ್ಕಮ್ಮ" ಎಂದಳು. "ಮೊದಲು ಯಾವುದು ಹೋಗುತ್ತೆ ಅಂತ ನೋಡ್ತಾ ಇದ್ದೀನಿ. ಪರೀಕ್ಷೆಗೆ ನಾನು ಬರಲ್ಲ."

ಸಿದ್ಧ ಮಾಡಿಕೊಂಡ ಸುಳ್ಳನ್ನು ಹೇಳಲಿಲ್ಲ. ಅವಳ ಮುಂದೆ ನೆಲದ ಮೇಲೆ ಕೂತುಬಿಟ್ಟೆ.

"ನೀನು ಏನೂ ಮರೆತಿಲ್ಲ. ಅದು ನಿನ್ನ ಪುಸ್ತಕದಲ್ಲಿ ಇರಲೇ ಇಲ್ಲ. ನಾನು ತಂದಿದ್ದು ಹಳೇ ಪುಸ್ತಕ. ಎಂಟು ದಿನದ ಹಿಂದೆ ಗೊತ್ತಾಯ್ತು, ಹೇಳೋಕೆ ಹೆದರಿದೆ. ಜುಲೈನಲ್ಲಿ ಮಾಡಿದ್ವಿ ಅಂದಿದ್ದೆಲ್ಲ ಸುಳ್ಳು."

ಕಿರುಚುತ್ತಾಳೆ, ವಾಂತಿ ಮಾಡಿಕೊಳ್ಳುತ್ತಾಳೆ ಎಂದು ಕಾದೆ.

"ಹಾಗಾದ್ರೆ ನಂಗೆ ಏನೂ ಆಗಿಲ್ವಾ?"

"ಇಲ್ಲ."

"ಎಲ್ಲಾ ಈ ವಾರದಲ್ಲಿ, ಮೊದಲನೇ ಸಲ ಕೇಳಿದ್ದಾ?"

"ಹೌದು. ಮೊದಲನೇ ಸಲ ಕೇಳಿ ತಿರುಗಿ ಹೇಳಿದೆ ನೀನು."

ಅವಳು ಅತ್ತಳು. ಅಳುತ್ತಲೇ ಎದ್ದು ಚಪ್ಪಲಿ ಹುಡುಕಿದಳು. "ಎಂಟು ದಿನ ನನ್ನ ಸಾಯಿಸಿದ್ರಲ್ಲ ಚಿಕ್ಕಮ್ಮ. ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ. ಗುರುತಿನ ಚೀಟಿ ಎಲ್ಲಿ ಇಟ್ಟೆ ನಾನು?"

ಶುರುವಾಗಿ ಹದಿನೈದು ನಿಮಿಷವಾದರೆ ಒಳಗೆ ಬಿಡುವುದಿಲ್ಲ. ಟ್ಯಾಕ್ಸಿ ಆ ಶಾಲೆಯ ಏರು ಹತ್ತುವಾಗ ಒಂಬತ್ತು ಗಂಟೆ ಏಳು ನಿಮಿಷ. ಕೆಂಪು ದೀಪವೊಂದರ ಮುಂದೆ ಎರಡು ನಿಮಿಷ ಹೋಯಿತು. ಗೇಟಿಗೆ ಓಡಿದಾಗ ಒಂಬತ್ತು ಗಂಟೆ ಹನ್ನೆರಡು ನಿಮಿಷ. ಕಾವಲಿನವನು ಅವಳ ಚೀಟಿ ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಅಷ್ಟರಲ್ಲಿ ಅವಳು ತಿರುಗಿ ಕೇಳಿದಳು.

"ನಾಲ್ಕನೇದು ಯಾವುದು ಚಿಕ್ಕಮ್ಮ? ಭಯದ್ದು?"

"ಇನ್ನೂ ಆಗದೇ ಇರೋದನ್ನ ಊಹಿಸಿಕೊಂಡು ಪಡೋದು."

"ನೀವು ಪಟ್ಟಿದ್ದು" ಎಂದು ಒಳಗೆ ಓಡಿದಳು.

"ಅಮ್ಮಾ, ಇದು ಪರೀಕ್ಷೆ ಗೇಟು, ಪಾಠ ಮಾಡೋ ಜಾಗ ಅಲ್ಲ" ಎಂದು ಕಾವಲಿನವನು ನನ್ನನ್ನು ಗದರಿದ. ಎದುರಿನ ಕಟ್ಟೆಯ ಮೇಲೆ ಹನ್ನೊಂದೂವರೆಯವರೆಗೂ ಕೂತೆ. ಯಾರು ಹೊರಗೆ ಬಂದರೂ ಅವಳೇ ಎದ್ದು ಬಂದಳೇನೋ ಎಂದು ನೋಡುತ್ತಿದ್ದೆ. ಅವಳು ಬಂದದ್ದು ಗಂಟೆ ಹೊಡೆದ ಮೇಲೆ, ಎಲ್ಲರಿಗಿಂತ ಕೊನೆಗೆ. ಭಯದ ಪ್ರಶ್ನೆ ಬರಲಿಲ್ಲವಂತೆ. ಹೊಸ ಅಧ್ಯಾಯದಿಂದ ಬೇರೆ ಏನೇನೋ ಬಂದಿತ್ತಂತೆ, ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಒಂದನ್ನೂ ಖಾಲಿ ಬಿಡಲಿಲ್ಲ.

ಫಲಿತಾಂಶ ಬಂದದ್ದು ಒಂದು ತಿಂಗಳ ಮೇಲೆ, ಮಕ್ಕಳು ಮಲಗಿದ್ದ ಹೊತ್ತಿನಲ್ಲಿ. ನಾನು ಎಲೆಕೋಸು ಹೆಚ್ಚುತ್ತಿದ್ದೆ. ಯಾಶೂ ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಅರವತ್ತು. ಮಕ್ಕಳು ಏಳಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಗುತ್ತಿದ್ದಳು, ನನ್ನ ಭುಜ ಹಿಡಿದು ಅಲುಗಾಡಿಸುತ್ತಿದ್ದಳು.

ನಾನೂ ನಗಬೇಕಿತ್ತು. ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ಒಂದು ಅಂಕವೂ ಹೆಚ್ಚಿಲ್ಲ. ಆ ದಿನ ನಿಜ ಹೇಳದಿದ್ದರೆ ಇದೂ ಇಲ್ಲ. ಐದು ಮಹಡಿ ಹತ್ತುತ್ತಾ ನಾನು ಸಿದ್ಧ ಮಾಡಿಕೊಂಡಿದ್ದ ಆ ಸುಳ್ಳು ಈಗಲೂ ನನಗೆ ಒಂದಕ್ಷರ ಬಿಡದೆ ನೆನಪಿದೆ.