ಗಾಜಿನ ಕೋಣೆಯ ಬಿಸಿಲು

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ಗುಂಡಿಯಮ್ಮನ ಕೈಯಿಂದ ನೀರು ತುಂಬಿದ ಬಕೆಟ್ಟು ಜಾರಿ, ಅಡುಗೆಮನೆಯಿಂದ ಬೀದಿ ಬಾಗಿಲವರೆಗೆ ಹೊಳೆ ಹರಿಯಿತು. ಅಜ್ಜಿಯಾದ ಖುಷಿಗೆ ಕೈ ಜಾರಿತು ಎಂದು ಎಲ್ಲರೂ ನಕ್ಕರು. ಅವಳೂ ನಕ್ಕಳು. ನೆಲ ಒರೆಸಿ ಏಳಲು ಹೋದರೆ ತೊಡೆಗಳು ಏಳಲೊಲ್ಲವು. ಗೋಡೆ ಹಿಡಿದು, ಕುರ್ಚಿ ಹಿಡಿದು, ಕೊನೆಗೆ ಗಂಡನ ಅಂಗಿ ಹಿಡಿದು ಎದ್ದಳು. ಅಂಗಿಯ ಗುಂಡಿ ಕಿತ್ತು ಬಂತು. ಆಗ ಮಾತ್ರ ಅವಳಿಗೆ ನಗು ಬರಲಿಲ್ಲ. ಬಕೆಟ್ಟನ್ನೇ ಹಿಡಿಯಲಾರದ ಕೈಗೆ ಮಗುವನ್ನು ಯಾರು ಕೊಡುತ್ತಾರೆ?

ಗುಂಡಿಯಮ್ಮ ಎನ್ನುವುದು ಕೆಲಸದಿಂದ ಬಂದ ಹೆಸರು. ದರ್ಜಿ ಅಂಗಡಿಯ ಕಿಟಕಿಯಿಲ್ಲದ ಒಳಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಬೆಳಗಿನಿಂದ ಕತ್ತಲಾಗುವವರೆಗೆ ಅವಳು ಊರಿನವರ ಅಂಗಿಗಳಿಗೆಲ್ಲ ಗುಂಡಿ ಹೊಲಿಯುತ್ತಿದ್ದಳು. ಸೂರ್ಯನೆಂದರೆ ಅವಳಿಗೆ ದೂರದ ನೆಂಟ. ಇದ್ದಾನೆಂದು ಗೊತ್ತು, ಹೋಗಿಬರುವುದಿಲ್ಲ.

ಡಾಕ್ಟರಮ್ಮ ಅವಳ ಮೊಣಕಾಲಿನ ಕೆಳಗಿನ ಮೂಳೆಯನ್ನು ಹೆಬ್ಬೆರಳಲ್ಲಿ ಒತ್ತಿದಾಗ ಗುಂಡಿಯಮ್ಮ ಮೇಜಿನಿಂದ ಅರ್ಧ ಎದ್ದಳು. ರಕ್ತ ಪರೀಕ್ಷೆಯಾಯಿತು. ಡಿ ವಿಟಮಿನ್ನು ತಳ ಕಂಡಿದೆ ಎಂದರು. ಎಷ್ಟು ಹಾಲು ಕುಡಿದರೂ ಅದರ ಕ್ಯಾಲ್ಸಿಯಂ ಮೂಳೆಗೆ ಸೇರಬೇಕಾದರೆ ಈ ವಿಟಮಿನ್ನು ಕೈಹಿಡಿದು ಕರೆದೊಯ್ಯಬೇಕು. ಇದು ಸಾಲದಿದ್ದರೆ ಮೂಳೆ ನೋಯುತ್ತದೆ, ಮಾಂಸಖಂಡ ಸೋಲುತ್ತದೆ. ಚರ್ಮಕ್ಕೆ ಬಿಸಿಲು ತಾಗಿದರೆ ಮೈಯೇ ಇದನ್ನು ಮಾಡಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದರು. ಮಾತ್ರೆಯನ್ನೂ ಬರೆಯಹೋದರು. ಮಾತ್ರೆ ನುಂಗುವುದೆಂದರೆ ಕೋಟಿನ ಗುಂಡಿ ನುಂಗಿದ ಹಾಗೆ ಎಂದು ಗುಂಡಿಯಮ್ಮ ಗೋಗರೆದಳು. ಸರಿ, ಮೊದಲು ಬಿಸಿಲು ನೋಡೋಣ ಎಂದಾಯಿತು.

"ಬಿಸಿಲಿನ ವಿಷಯ ನನಗೆ ಬಿಡಿ," ಎಂದ ಗಂಡ, ಎದೆಯುಬ್ಬಿಸಿ. ಕಿಟಕಿ ಬಾಗಿಲುಗಳಿಗೆ ಗಾಜು ಕೂರಿಸುವುದು ಅವನ ಕಸುಬು. ಮನೆಮನೆಗೆ ಬೆಳಕು ತಂದವನು ತಾನು, ಹೆಂಡತಿಗೊಂದಿಷ್ಟು ಬಿಸಿಲು ತರಲಾರೆನೇ ಎಂಬುದು ಅವನ ವಾದ.

ತಾರಸಿಯ ಮೇಲೆ ಬರಿದೇ ಕೂರಲು ಗುಂಡಿಯಮ್ಮ ಒಪ್ಪಲಿಲ್ಲ. ಗಾಳಿ, ಪಾರಿವಾಳ, ಎಲ್ಲಕ್ಕಿಂತ ಹೆಚ್ಚಾಗಿ ಎದುರುಮನೆಯ ನಿವೃತ್ತ ಬಸ್ ಕಂಡಕ್ಟರು. ರವಿಕೆಯ ತೋಳು ಮೇಲೇರಿಸಿ ಕೂತರೆ ಆತ ಅಲ್ಲಿಂದಲೇ ಕ್ಷೇಮಸಮಾಚಾರ ಶುರುಮಾಡುತ್ತಿದ್ದ. ಅದಕ್ಕೇ ಗಂಡ ಹಗಲೆಲ್ಲ ಉಸಿರುಕಟ್ಟಿ ದುಡಿದು ತಾರಸಿಯಲ್ಲೊಂದು ಗಾಜಿನ ಕೋಣೆ ಕಟ್ಟಿದ. ಕೆಲಸ ಮಾಡಿದ ಕಡೆಯೆಲ್ಲ ಉಳಿದ ತುಂಡುಗಳು ಅಲ್ಲಿ ಸೇರಿದವು. ಕಂಡಕ್ಟರ ಕಡೆಗೆ ಯಾರದೋ ಬಚ್ಚಲಮನೆಯ ಮಸುಕು ಗಾಜು, ಬಾಗಿಲಿಗೆ "ತಳ್ಳಿ" ಎಂದು ಬರೆದಿದ್ದ ಬ್ಯಾಂಕಿನ ಗಾಜು. ಅದನ್ನು ಎಳೆದರೆ ಮಾತ್ರ ತೆರೆಯುತ್ತಿತ್ತು. ಚಾವಣಿಗೆ ಮಾತ್ರ ಅವನಲ್ಲಿದ್ದ ಅತ್ಯುತ್ತಮ ಗಾಜು. ಹಕ್ಕಿಗೂ ಕಾಣದಷ್ಟು ಶುಭ್ರ.

ಗುಂಡಿಯಮ್ಮನಿಗೆ ಸ್ವರ್ಗವೇ ಸಿಕ್ಕಿತು. ದರ್ಜಿಯನ್ನು ಒಪ್ಪಿಸಿ ಅಂಗಿಗಳನ್ನು ಅಲ್ಲಿಗೇ ತರಿಸಿಕೊಂಡು ಹೊಲಿದಳು. ಒಳಗೆ ಬೆಚ್ಚಗೆ, ಬೆವರು ಧಾರಾಳ. ಮುಖ, ತೋಳು ಚೆನ್ನಾಗಿ ಕಪ್ಪಾದವು. ಇಷ್ಟು ಕಪ್ಪಾದ ಮೇಲೆ ವಿಟಮಿನ್ನು ತುಂಬಿ ತುಳುಕುತ್ತಿರಬೇಕು ಎಂದು ಗಂಡ ದಿನಾ ಅವಳ ಕೈ ತಿರುಗಿಸಿ ನೋಡಿ ಹಿಗ್ಗುತ್ತಿದ್ದ. ಸುದ್ದಿ ಹಬ್ಬಿ ಬೀದಿಯ ಮಂಡಿನೋವಿನವರೆಲ್ಲ ಮೆಟ್ಟಿಲು ಹತ್ತಿದರು. ಎಲ್ಲರಿಗಿಂತ ಮೊದಲು ಬಂದವನು ಕಂಡಕ್ಟರೇ. ಬಂದವನು ಬಾಗಿಲಲ್ಲಿ ನಿಂತು, ಒಳಗೆ ಜಾಗ ಇದೆ ಮುಂದೆ ಹೋಗಿ ಎಂದು ಎಲ್ಲರನ್ನೂ ಒತ್ತರಿಸಿದ. ನಿದ್ದೆ ಹೋದವರನ್ನು ನಿಮ್ಮ ಸ್ಟಾಪು ಬಂತು ಎಂದು ಎಬ್ಬಿಸಿ ಇಳಿಸಿದ. ಶಾಖಕ್ಕೆ ಎಲ್ಲರ ಕೀಲೂ ಸಡಿಲಾಗಿ, ಗಾಜಿನವನ ಕೈಗುಣ ಡಾಕ್ಟರಿಗೂ ಇಲ್ಲ ಎಂಬ ಮಾತೆದ್ದಿತು.

ಅತ್ತ ಮಗು ವಾರವಾರಕ್ಕೂ ಗುಂಡಗಾಗುತ್ತಿತ್ತು. ಮಗಳು ಫೋನಿನಲ್ಲಿ ತೋರಿಸಿದಾಗಲೆಲ್ಲ ಕೆನ್ನೆ ಒಂದು ಸುತ್ತು ಹೆಚ್ಚು. ಅದು ಕೂರಲು ಕಲಿತ ಕೂಡಲೇ ಕರೆತರುತ್ತೇನೆ ಎಂದಿದ್ದಳು. ಗುಂಡಿಯಮ್ಮ ಅಕ್ಕಿಚೀಲವನ್ನು ಎತ್ತಿ ನೋಡುತ್ತಿದ್ದಳು, ಇಳಿಸುತ್ತಿದ್ದಳು. ಚೀಲ ದಿನೇದಿನೇ ಖಾಲಿಯಾಗುತ್ತಿದ್ದರೂ ಹಗುರಾಗುತ್ತಿರಲಿಲ್ಲ.

ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ನು ಮೊದಲಿಗಿಂತ ಕಡಿಮೆ.

ಡಾಕ್ಟರಮ್ಮ ಅವಳ ಕಪ್ಪಾದ ತೋಳು ನೋಡಿದರು, ವರದಿ ನೋಡಿದರು, ಮತ್ತೆ ತೋಳು ನೋಡಿದರು. ಎಲ್ಲಿ ಕೂರುತ್ತೀರಿ ಎಂದು ಕೇಳಿದರು. ಗಂಡ ಚಾವಣಿಯನ್ನು ಕೈಯಲ್ಲೇ ಚಿತ್ರ ಬರೆದು ವರ್ಣಿಸಿದ. ಅವರು ಪೆನ್ನು ಕೆಳಗಿಟ್ಟು, ತುಟಿ ಕಚ್ಚಿ ನಗು ತಡೆದರು.

"ಗಾಜು ಬೆಳಕನ್ನ ಒಳಗೆ ಬಿಡತ್ತೆ, ಶಾಖಾನ ಬಿಡತ್ತೆ, ಮೈ ಕಪ್ಪು ಮಾಡೋ ಕಿರಣಾನೂ ಬಿಡತ್ತೆ. ವಿಟಮಿನ್ ಮಾಡೋ ಕಿರಣಾನ ಮಾತ್ರ ಹೊರಗೇ ನಿಲ್ಲಿಸಿಬಿಡತ್ತೆ."

"ತುಂಬಾ ಶುಭ್ರವಾದ ಗಾಜು, ಡಾಕ್ಟ್ರೇ."

"ಎಷ್ಟೇ ಶುಭ್ರ ಆದ್ರೂ."

"ಇನ್ನೂ ಒಂಚೂರು ಒರೆಸಿದ್ರೆ?"

ಗುಂಡಿಯಮ್ಮನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಬಿಕ್ಕಳಿಕೆ ಬರುವವರೆಗೆ ನಕ್ಕಳು. ಇಡೀ ಬೀದಿಯನ್ನು ಕೂರಿಸಿಕೊಂಡು ಬೇಯಿಸಿದ್ದಾಯಿತು, ಒಬ್ಬರಿಗೂ ತೊಟ್ಟು ವಿಟಮಿನ್ನು ಇಲ್ಲ. ಗಂಡನ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಅದನ್ನು ನೋಡಿ ಇನ್ನಷ್ಟು ನಕ್ಕಳು. ಮಗು ಈಗ ದಿಂಬಿಗೊರಗಿ ಕೂರುತ್ತಿದೆ ಎಂಬುದು ನೆನಪಾದಾಗ ನಗು ಅಲ್ಲಿಗೇ ನಿಂತಿತು. ಮಾತ್ರೆ ಬರೆದುಕೊಡಿ ಎಂದು ತಾನೇ ಕೈಚಾಚಿದಳು.

ಗಂಡನಿಗೆ ಮಾತ್ರ ಚಾವಣಿ ಬಿಚ್ಚಲು ಮನಸ್ಸಿಲ್ಲ. ಒಂದು ಮೂಲೆ ತೆರೆದರೆ ಸಾಲದೇ ಎಂದ, ಪಕ್ಕಕ್ಕೆ ಜಾರುವಂತೆ ಮಾಡಲೇ ಎಂದ. ಕಂಡಕ್ಟರೂ ಅವನ ಪಕ್ಷ ಸೇರಿ, ಓಡುತ್ತಿರುವ ಬಸ್ಸಿನ ಟಾಪು ಯಾರಾದರೂ ಕೀಳುತ್ತಾರೆಯೇ ಎಂದು ಕೇಳಿದ.

ಗುಂಡಿಯಮ್ಮ ಮೆಟ್ಟಿಲಿಗೆ ಕೈಯೂರಿ, ಕೂತು ಎದ್ದು, ತಾರಸಿ ಹತ್ತಿ ನಿಂತಳು.

"ನೀವು ಬಿಚ್ಚತೀರೋ, ಇಲ್ಲಾ ನಾನು ಕಲ್ಲು ಹುಡುಕಲೋ?"

ಗಂಡ ಬಿಚ್ಚಿದ. ಮಸುಕು ಗೋಡೆಗಳು ಉಳಿದವು, ಮೇಲೆ ಬರೀ ಆಕಾಶ. ದಿನವೂ ಬಿಸಿಲು ಏರಿದಾಗ ಚರ್ಮ ಸುಡದಷ್ಟು ಹೊತ್ತು ಅವಳು ತೋಳು ಕಾಲು ಬಿಸಿಲಿಗೊಡ್ಡಿದಳು. ವಾರಕ್ಕೊಂದರಂತೆ ಮಾತ್ರೆ ನುಂಗುವಾಗ ಬೀದಿಯೇ ಸುತ್ತ ನಿಂತು ಹುರಿದುಂಬಿಸುತ್ತಿತ್ತು. ಗಂಟಲಿನಿಂದ ಇಳಿದ ಕೂಡಲೇ ಕಂಡಕ್ಟರು ಸೀಟಿ ಊದುತ್ತಿದ್ದ. ಪಾರಿವಾಳಗಳು ಮನಸ್ಸು ಬಂದಲ್ಲಿ ಹಿಕ್ಕೆ ಹಾಕಿಹೋಗುತ್ತಿದ್ದವು. ಮೆಲ್ಲಮೆಲ್ಲನೆ ಮೆಟ್ಟಿಲಿಗೆ ಕೈ ಬೇಡವಾಯಿತು. ಅಕ್ಕಿಚೀಲ ಸೊಂಟದವರೆಗೆ ಬಂತು, ಆಮೇಲೆ ಎದೆಯವರೆಗೆ.

ಮಗಳು ಬಂದಳು. ಮಗು ಅಕ್ಕಿಚೀಲದಂತಿರಲಿಲ್ಲ, ಅಕ್ಕಿಚೀಲ ಒದೆಯುವುದಿಲ್ಲ. ಅಮ್ಮನಿಗೆ ಕೈಲಾಗದು, ಕೂತುಕೊಳ್ಳಲಿ, ತೊಡೆ ಮೇಲೆ ಹಾಕುತ್ತೇನೆ ಎಂದು ಮಗಳು ಅಂದದ್ದನ್ನು ಗುಂಡಿಯಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ನಿಂತೇ ಕೈ ಚಾಚಿದಳು. ಗಂಡ ನಡುವೆ ಬಂದ. ದೊಡ್ಡ ಗಾಜನ್ನು ಒಬ್ಬರಿಂದೊಬ್ಬರಿಗೆ ದಾಟಿಸುವಾಗ, ತೆಗೆದುಕೊಳ್ಳುವವರು ಬಾಯಿಬಿಟ್ಟು "ಬಂತು" ಅನ್ನುವವರೆಗೆ ಕೊಡುವವರು ಬಿಡಬಾರದು. ಅವನ ಕಸುಬಿನಲ್ಲಿ ಅದೇ ಕ್ರಮ, ಮಗುವಿಗೂ ಅದೇ ಎಂದ. ಮಗಳು ಬಿಗಿಯಾಗಿ ಹಿಡಿದೇ ಮಗುವನ್ನು ಅಮ್ಮನ ತೋಳಿಗೆ ಒರಗಿಸಿದಳು. ಗುಂಡಿಯಮ್ಮನ ಮೊಣಕಾಲು ಒಮ್ಮೆ ಅದುರಿತು. ನಿಂತಿತು.

"ಬಂತು," ಎಂದಳು.

ಮಗಳು ಕೈ ಬಿಟ್ಟಳು. ಮಗು ಅಜ್ಜಿಯ ಮೂಗು ಹಿಡಿದು ಎಳೆಯಿತು. ಗುಂಡಿಯಮ್ಮ ಅದನ್ನು ಹೊತ್ತು ಅಂಗಳಕ್ಕಿಳಿದು, ಬೀದಿಗೆ ಬಂದು, ಕಂಡಕ್ಟರ ಬಾಗಿಲಲ್ಲಿ ನಿಂತು ತೋರಿಸಿ, ದರ್ಜಿ ಅಂಗಡಿಯತ್ತ ನಡೆದೇಬಿಟ್ಟಳು. ಹಿಂದೆ ಗಂಡ, ಎರಡೂ ಕೈ ಅಗಲಿಸಿಕೊಂಡು, ಈಗ ಸಾಕು, ಕೊಡು, ನನ್ನ ಸರದಿ ಎಂದು ಗೊಣಗುತ್ತ ಓಡುತ್ತಿದ್ದ.

"ನಾನು 'ಬಂತು' ಅಂದಿದ್ದೀನಿ ಅಷ್ಟೇ," ಎಂದಳು ಗುಂಡಿಯಮ್ಮ, ತಿರುಗಿಯೂ ನೋಡದೆ. "'ಹೋಯ್ತು' ಅಂತ ಹೇಳಿಲ್ಲ."