ಕಳ್ಳಿಬೇಲಿಯ ಆಚೆ

“ಅಲ್ಲಲ್ಲ, ಬೇಲಿ ಒಳಗೆ ತೋಡ್ರೋ!” ಎನ್ನುತ್ತ ದೊರ್ಸಿಲಾ ಗುದ್ದಲಿಯ ಕಾವು ಹಿಡಿದು ಜಗ್ಗಿದಳು. ಕಳ್ಳಿಬೇಲಿಯ ಆಚೆ ಅವಳ ಮಗಳು ಅಚೊಲಾಳಿಗೆ ಗುಂಡಿ ತೋಡುತ್ತಿದ್ದ ಗಂಡಸರು ಕೈ ನಿಲ್ಲಿಸಿ ಮುಖ ಮುಖ ನೋಡಿಕೊಂಡರು.

ಮೈದುನ ಒಬುರು ಬಂದು ಗುದ್ದಲಿ ಬಿಡಿಸಿಕೊಂಡ. ಅಣ್ಣ ಸತ್ತ ಮೇಲೆ ಆ ಹಟ್ಟಿಯಲ್ಲಿ ನಡೆಯುವುದು ಅವನ ಮಾತೇ.

“ಅತ್ತಿಗೆ, ಗೊತ್ತಿದ್ದೂ ಹಟ ಮಾಡ್ಬೇಡ. ಮದುವೆ ಆಗದ ಹೆಣ್ಣನ್ನ ತವರಿನ ಬೇಲಿ ಒಳಗೆ ಯಾರಾದ್ರೂ ಮಣ್ಣು ಮಾಡಿದ್ದುಂಟಾ? ನಾಳೆ ಅವಳ ತಮ್ಮನ ಮಕ್ಕಳಿಗೆ ದೋಷ ತಟ್ಟುತ್ತೆ.”

“ನಲವತ್ತಾರು ವರ್ಷ ಈ ಮನೆ ಮಗಳಾಗಿದ್ದಳಲ್ಲಯ್ಯಾ!”

“ಮಗಳು ಅಂತಾನೇ ಹೇಳ್ತಿರೋದು. ಗಂಡನ ಮನೆ ಅಂತ ಒಂದಿದ್ದಿದ್ರೆ ಈ ಮಾತೇ ಬರ್ತಿರ್ಲಿಲ್ಲ.”

ದೊರ್ಸಿಲಾ ಮಗ ಒಕೆಯೊನ ಕಡೆ ತಿರುಗಿದಳು. ಅವನು ತಲೆ ಎತ್ತಲಿಲ್ಲ. ಅವನ ಹೆಂಡತಿ ಅವಿನೊ ತುಂಬು ಬಸುರಿ. ಹಿಂದಿನ ಕೂಸು ಉಳಿದಿರಲಿಲ್ಲ. ಅವನನ್ನು ಬೈಯಲು ದೊರ್ಸಿಲಾಳಿಗೆ ಬಾಯಿ ಬರಲಿಲ್ಲ. ಇಷ್ಟು ಜನ ತುಂಬಿದ ಅಂಗಳದಲ್ಲಿ ಅವಳ ಕಡೆ ನಿಲ್ಲುವವರು ಒಬ್ಬರೂ ಇರಲಿಲ್ಲ.

ಮಧ್ಯಾಹ್ನ ಚಪ್ಪರದಡಿ ಸತ್ತವಳ ಬಗ್ಗೆ ಮಾತನಾಡುವವರ ಸರದಿ. ಅಚೊಲಾ ಕಿಸುಮು ಪಟ್ಟಣದ ಬಾಡಿಗೆ ಕೋಣೆಯಲ್ಲಿ ನಿದ್ದೆಯಲ್ಲೇ ಹೋಗಿದ್ದಳು. ಕಚೇರಿಯವರು ಬಂದು ಬಾಗಿಲು ಒಡೆಯುವವರೆಗೆ ಅಕ್ಕಪಕ್ಕದವರಿಗೂ ತಿಳಿದಿರಲಿಲ್ಲ. ಆ ಕಚೇರಿಯ ಗೆಳತಿ ನೆಕೆಸಾ ಎದ್ದು ನಿಂತಳು.

“ಹಕ್ಕಿ ಎಣಿಸೋ ಕೆಲಸವಾ ಅವಳದು?” ಒಬ್ಬ ಮುದುಕ ಕೂತಲ್ಲಿಂದಲೇ ಕೇಳಿದ.

“ಎಣಿಸೋದಲ್ಲ ತಾತ. ಯಾವ ಹಕ್ಕಿ ಎಲ್ಲೆಲ್ಲಿ ಬದುಕಬಹುದು ಅಂತ ಕಂಪ್ಯೂಟರಲ್ಲಿ ನಕ್ಷೆ ಮಾಡೋದು.”

“ಹಕ್ಕಿ ಇಲ್ಲದ ಕಡೆಗೂ?”

“ಅಂಥ ಕಡೆಗೇ ಜಾಸ್ತಿ.”

“ಇಲ್ಲದ ಹಕ್ಕಿಗೆ ಸಂಬಳ! ನಮ್ಮ ಹುಡುಗಂಗೂ ಒಂದು ಕೊಡಿಸವ್ವ.”

ಚಪ್ಪರವೆಲ್ಲ ನಕ್ಕಿತು. ಅಚೊಲಾ ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ಅವಳೇ ನಗುತ್ತಿದ್ದಳು. ಅದು ನೆನಪಾಗಿ ದೊರ್ಸಿಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

*

ಕಳೆದ ಕ್ರಿಸ್‌ಮಸ್ಸಿಗೆ ಬಂದಾಗ ಅಚೊಲಾ ಒಲೆಯ ಪಕ್ಕ ಕೂತು ಆ ನಕ್ಷೆಯನ್ನು ತೋರಿಸಿದ್ದಳು.

“ನೋಡಮ್ಮ, ನಕ್ಷೆಲಿ ನಮ್ಮೂರ ಜೊಂಡಿನ ಬಯಲೂ ಹಸಿರು ಬಂದಿದೆ. ನಾನು ಹುಡುಕ್ತಿರೋ ಹಳದಿ ಹಕ್ಕಿಗೆ ಹೇಳಿ ಮಾಡಿಸಿದ ಜಾಗ.”

“ನಾನು ಈ ಊರಿಗೆ ಬಂದಾಗಿಂದ ಒಂದೂ ಕಂಡಿಲ್ಲ ಕಣೇ.”

“ಅದೇ ನನ್ನ ತಲೆನೋವು. ನಾನು ಕೆಲಸಕ್ಕೆ ಸೇರಿದಾಗ ಮಳೆ ಬಿಸಿಲು ನೋಡಿ ಹಸಿರು ಬಳಿದುಬಿಡ್ತಿದ್ವಿ. ಈಗ ಅಷ್ಟು ಸಾಲದು ಅಂತಾರೆ. ಹಕ್ಕಿ ಅಲ್ಲಿಗೆ ಹೋಗೋಕೆ ದಾರಿ ಇದೆಯಾ, ಮೊದಲೇ ಇರೋ ಹಕ್ಕಿಗಳು ಅದನ್ನ ಇರಗೊಡ್ತಾವಾ, ಅದನ್ನೂ ಲೆಕ್ಕಕ್ಕೆ ಹಿಡೀಬೇಕಂತೆ.”

“ಇದಕ್ಕೆ ಅಷ್ಟು ಓದ್ಬೇಕಿತ್ತಾ? ಸೊಸೆಯಾಗಿ ಬಂದ ಯಾವಳನ್ನ ಕೇಳಿದ್ರೂ ಹೇಳ್ತಿದ್ಳು!”

ಅಚೊಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಇಳಿದ ಮೇಲೆ, “ಅಮ್ಮಾ, ಕೆಲಸ ಬಿಟ್ಟ ಮೇಲೆ ನಿನ್ನ ಮನೆ ಹಿಂದೆ ಒಂದು ಗುಡಿಸಲು ಹಾಕ್ಕೊಳ್ಳಲಾ?” ಎಂದಳು.

ಒಬುರು ಏನನ್ನುತ್ತಾನೋ ಎನ್ನಿಸಿತು ದೊರ್ಸಿಲಾಳಿಗೆ. ಮೀನಿನ ಸಾರು ಉಕ್ಕುತ್ತಿದೆ ಎಂದು ಎದ್ದಳು. ಸಾರು ಉಕ್ಕುತ್ತಿರಲಿಲ್ಲ. ಮಗಳು ಮತ್ತೆ ಆ ಮಾತು ಎತ್ತಲಿಲ್ಲ.

*

ಸಂಜೆಗೆ ಮುಂಚೆ ಬೇಲಿಯಾಚೆ ಎಲ್ಲ ಮುಗಿಯಿತು. ನೆಕೆಸಾ ಬಸ್ಸಿಗೆ ಹೊರಟಳು. ಉಳಿದವರು ಉಗಾಲಿ ಮುದ್ದೆ, ಮಾಂಸದ ತಟ್ಟೆ ಹಿಡಿದು ಕೂತರು; ಆಗಲೇ ಯಾರದೋ ಎತ್ತಿನ ವ್ಯಾಪಾರದ ಮಾತು ಶುರುವಾಗಿತ್ತು.

ದೊರ್ಸಿಲಾ ಮಚ್ಚು ತೆಗೆದುಕೊಂಡು ಬೇಲಿಯ ಹತ್ತಿರ ಹೋದಳು. ಕಳ್ಳಿಯ ಕೊಂಬೆಗಳನ್ನು ಕಡಿದು ಕಡಿದು ಹಾಕಿದಳು. ಸಾಲಿನಲ್ಲಿ ಒಬ್ಬರು ನುಸುಳುವಷ್ಟು ಸಂದಿಯಾಯಿತು. ಅದರಲ್ಲೇ ಹಾದು, ಸಮಾಧಿಯ ಆಚೆ ಬದಿಗೆ ಹೋಗಿ, ಒಂದೊಂದೇ ತುಂಡನ್ನು ನೆಲಕ್ಕೆ ಚುಚ್ಚತೊಡಗಿದಳು. ಕಳ್ಳಿಗೆ ನೀರೂ ಬೇಡ, ನೆರಳೂ ಬೇಡ. ಚುಚ್ಚಿದಲ್ಲಿ ಬೇರು ಬಿಡುತ್ತದೆ.

ಒಬುರು ಓಡಿ ಬಂದ. “ಏನಿದು ನಿನ್ನ ಅವತಾರ?”

“ನೀನು ಹೇಳಿದ ಹಾಗೇ ಬೇಲಿ ಆಚೆ ಮಣ್ಣು ಮಾಡಿದ್ದಾಯ್ತು. ಬೇಲಿ ಎಲ್ಲಿಗೆ ಹಾಕ್ಬೇಕು ಅಂತ ನೀನೇನೂ ಹೇಳ್ಲಿಲ್ವಲ್ಲ?”

ಅವನು ಅವಳ ಕೈಯ ಮಚ್ಚನ್ನೊಮ್ಮೆ, ಹಸಿ ಮಣ್ಣಿನ ಗುಡ್ಡೆಯನ್ನೊಮ್ಮೆ ನೋಡಿದ. “ಸಂಜೆ ಹೊತ್ತು ನನಗೆ ಕಣ್ಣು ಕಾಣಲ್ಲ ಕಣತ್ತಿಗೆ. ನಾನಿದನ್ನ ನೋಡಿಲ್ಲ,” ಎಂದು ಬೆನ್ನು ತಿರುಗಿಸಿದ. ಒಕೆಯೊ ಅಂಗಳದಿಂದ ಏಳಲೇ ಇಲ್ಲ.

ಅರ್ಧ ಸಾಲಿಗೇ ತುಂಡುಗಳು ಮುಗಿದವು. ದೊರ್ಸಿಲಾಳ ಸೊಂಟ ಹಿಡಿದುಕೊಂಡಿತ್ತು. ತಲೆ ಎತ್ತಿದರೆ ಬೇಲಿಯ ಸಂದಿಯಲ್ಲಿ ಸೊಸೆ ಅವಿನೊ, ತೋಳ ತುಂಬ ಕಳ್ಳಿ ಕೊಂಬೆ ಹೊತ್ತು ನಿಂತಿದ್ದಳು. ಒಂದು ಪಾದ ಮುಂದಿಟ್ಟವಳು ಹಿಂದೆಗೆದುಕೊಂಡಳು. ಹೊರೆಯನ್ನು ಅಲ್ಲೇ ಸಂದಿಯ ಆಚೆಗೆ ಇಳಿಸಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮನೆಯ ಕಡೆ ನಡೆದಳು.

ದೊರ್ಸಿಲಾ ಹೋಗಿ ಆ ಹೊರೆ ಎತ್ತಿಕೊಂಡಳು. ಈಗಷ್ಟೇ ಕಡಿದ ಕೊಂಬೆಗಳ ಹಾಲು ಅವಳ ಮೊಣಕೈವರೆಗೂ ಇಳಿಯಿತು.